ಉಸಿರಿಗೆ ನಿಂತು ಓದುವ ಮಷೀನು

ಅಣ್ಣಾ,

ಕ್ಷೇಮವೇ ಎಂದು ಕೇಳುವ ಹಾಗಿಲ್ಲ. ಉಬ್ಬಸವಂತೂ ನಿನ್ನನ್ನು ಬಿಟ್ಟಿರಬೇಕು, ಅಷ್ಟೇ ನನಗೆ ಸಮಾಧಾನ. ಚನ್ನಪಟ್ಟಣದ ಮನೆಯಲ್ಲಿ, ನಿನ್ನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಇವತ್ತು ಭಾನುವಾರ. ನಿನ್ನ ಅವ್ವ, ನನ್ನ ದೊಡ್ಡಮ್ಮ, ನಡುಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಪೇಪರ್ ಕೇಳುತ್ತಿದ್ದಾಳೆ. ನೀನು ಹೋದ ಮೇಲೆ ಆ ಕಂಪ್ಯೂಟರಿನ ಕಥೆ ಏನಾಯಿತು ಅಂತ ನಿನಗೆ ಹೇಳಬೇಕು. ನೀನಿದ್ದಿದ್ದರೆ ಅರ್ಧಕ್ಕೇ ಬಾಯಿ ಹಾಕಿ ಜಗಳ ತೆಗೆಯುತ್ತಿದ್ದೆ. ಈಗ ಪೂರ್ತಿ ಕೇಳದೆ ವಿಧಿಯಿಲ್ಲ.

ಜಗಳ ಶುರುವಾದದ್ದು ನೆನಪಿದೆಯಾ? ಮಾಗಡಿಯಲ್ಲಿ ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ನಾನು ಸೇರಿದಾಗ, ನನ್ನ ಲ್ಯಾಪ್‌ಟಾಪಿನ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟವನೇ ನೀನು. ಆಮೇಲೆ ನಾನು ಗುರುವಿಗೇ ತಿರುಮಂತ್ರ ಹಾಕಿದೆ. ನಿನ್ನದು ಸೋರ್ಸಿನಿಂದ ಕಟ್ಟಿಕೊಳ್ಳುವ ಲಿನಕ್ಸ್. ಪ್ರತಿ ಪ್ರೋಗ್ರಾಮಿನ ಸೋರ್ಸ್ ಕೋಡ್, ಅಂದರೆ ಬರೆದವರ ಮೂಲ ಸಾಲುಗಳನ್ನೇ ತರಿಸಿ, ಬೇಡದ್ದನ್ನು ಕಿತ್ತು, ಬೇಕಾದ್ದನ್ನು ಸೇರಿಸಿ, ಮಷೀನಿಗೆ ಅರ್ಥವಾಗುವ ಹಾಗೆ ಮನೆಯಲ್ಲೇ ಕಂಪೈಲ್ ಮಾಡಬೇಕು. ನಾನು ಹಿಡಿದದ್ದು ರೋಲಿಂಗ್ ಅನ್ನುವ ಬಗೆಯ ಲಿನಕ್ಸ್. ಬೇರೆ ಯಾರೋ ಕಂಪೈಲ್ ಮಾಡಿಟ್ಟದ್ದು ಹೊಸದು ಬಂದಂತೆಲ್ಲ ಇಳಿಯುತ್ತದೆ, ಕಾಫಿ ಕುಡಿಯುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ನೀನು ರಾಗಿ ಒಣಗಿಸಿ ಮಿಲ್ಲಿಗೆ ಹೊರುವವನು, ನಾನು ಪ್ಯಾಕೆಟ್ ಹಿಟ್ಟಿನವಳು ಅಂತ ನೀನು ಹಂಗಿಸುತ್ತಿದ್ದೆ. ನಿನ್ನ ಬ್ರೌಸರ್ ಬೆಳಗ್ಗೆ ಕಂಪೈಲಿಗೆ ಕೂತರೆ ಸಂಜೆಗೂ ಏಳುತ್ತಿರಲಿಲ್ಲ. ನಡುವೆ ಕರೆಂಟು ಹೋದರೆ ನೀನು ನಿನ್ನ ಅಂಗಡಿಯಿಂದ ಬ್ಯಾಟರಿ ಹೊತ್ತು ತರುತ್ತಿದ್ದೆ. ಇನ್ವರ್ಟರ್ ಅಂಗಡಿ ಇಟ್ಟವನಿಗೆ ಅದೊಂದು ಭಾಗ್ಯ. ಮಷೀನಿನ ಫ್ಯಾನು ಭೋರೆನ್ನುವುದು ಕೇಳಿ ದೊಡ್ಡಮ್ಮ, ಅದು ಇನ್ನೂ ಬೆಂದಿಲ್ಲವೇನೋ ಎಂದು ಅಡುಗೆಮನೆಯಿಂದ ಕೇಳುತ್ತಿದ್ದಳು.

ನನ್ನ ಪ್ಯಾಕೆಟ್ ಹಿಟ್ಟೂ ಕೈಕೊಟ್ಟಿದ್ದುಂಟು, ಒಪ್ಪಿಕೊಳ್ಳುತ್ತೇನೆ. ಒಂದು ಬೆಳಗ್ಗೆ ಅಪ್‌ಡೇಟ್ ಆದ ಲ್ಯಾಪ್‌ಟಾಪು ಕ್ಲಾಸಿನಲ್ಲಿ ಕಪ್ಪು ಮುಖ ಮಾಡಿಕೊಂಡು ಕೂತಿತು. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ಫೋನ್ ಮಾಡಿದರೆ ನೀನು ನಕ್ಕೂ ನಕ್ಕೂ ಕೆಮ್ಮಿದೆ. ಹೊಸದು ಅಂತ ಬಂದದ್ದನ್ನೆಲ್ಲ ಒಳಕ್ಕೆ ಬಿಟ್ಟುಕೊಂಡರೆ ಇನ್ನೇನಾಗುತ್ತದೆ ಅಂದೆ. ನಿನ್ನ ಕೆಮ್ಮು ನಿಲ್ಲಲೇ ಇಲ್ಲ, ನೀನೇ ಫೋನು ಇಟ್ಟುಬಿಟ್ಟೆ.

ದೊಡ್ಡಮ್ಮನ ಕಣ್ಣು ಪೂರ್ತಿ ಹೋದ ಮೇಲೆ ಪ್ರತಿ ಬೆಳಗ್ಗೆ ಅಂಗಡಿಗೆ ಹೋಗುವ ಮುಂಚೆ ನೀನೇ ಪೇಪರ್ ಓದುತ್ತಿದ್ದೆ. ಒಂದು ಸಾಲನ್ನು ಒಂದೇ ಉಸಿರಿಗೆ ಓದಲು ನಿನಗೆ ಆಗುತ್ತಿರಲಿಲ್ಲ. ಓದುವುದು, ನಿಲ್ಲುವುದು, ಉಸಿರು ಎಳೆದುಕೊಳ್ಳುವುದು, ಮತ್ತೆ ಓದುವುದು. ಅದೂ ಆಗದ ಕಾಲ ಬಂದಾಗ ಕಂಪ್ಯೂಟರಿಗೆ ಪೇಪರನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಂ ಹಾಕಿದೆ ನೀನು. ದೊಡ್ಡಮ್ಮ ತಡವಿ ಹಿಡಿಯಲೆಂದು ಕೀಬೋರ್ಡಿನ ಒಂದು ಕೀಲಿಯ ಮೇಲೆ ಗೊಂಬೆ ಕಾರ್ಖಾನೆಯ ಅರಗಿನ ಮಣಿ ಅಂಟಿಸಿದೆ. ಆದರೆ ಆ ಪ್ರೋಗ್ರಾಮು ರೈಲು ತಪ್ಪೀತು ಎನ್ನುವವರ ಹಾಗೆ ಓಡೋಡಿ ಓದುತ್ತಿತ್ತು. ನೀನು ಸೋರ್ಸ್ ತೆರೆದು, ಸಾಲು ಮುಗಿದಲ್ಲಿ ನಿಲುಗಡೆ ಉದ್ದ ಮಾಡಿದೆ, ಉದ್ದದ ಸಾಲಿನ ನಡುವೆಯೂ ಒಂದು ಸಲ ನಿಲ್ಲಿಸಿದೆ. ನೀನು ಓದುತ್ತಿದ್ದ ಹಾಗೇ. ಆ ತಿದ್ದುಪಡಿಯನ್ನು ಒಂದು ಸಣ್ಣ ಫೈಲು ಮಾಡಿ ಇಟ್ಟೆ. ಪ್ರತಿ ಸಲ ಹೊಸದಾಗಿ ಕಂಪೈಲ್ ಆಗುವಾಗ ಅದು ತಾನೇ ಸೇರಿಕೊಳ್ಳುತ್ತಿತ್ತು. ದಿನಬಳಕೆಗೆ ಇಷ್ಟೆಲ್ಲ ಬೇಕಾ ಅಂತ ನಾನು ಮೂಗು ಮುರಿದೆ.

"ದಿನಾ ಬಳ್ಸೋದು ಅಂದ್ಮೇಲೆ ಅದು ನಮ್ಗೆ ಒಗ್ಗಬೇಕು ಕಣಮ್ಮಿ," ಅಂದೆ ನೀನು. "ನಾವೇ ಅದ್ಕೆ ಒಗ್ಗೋದಾದ್ರೆ..."

ಮುಂದಿನದನ್ನು ಕೆಮ್ಮು ನುಂಗಿತು. ಏನು ಹೇಳಹೊರಟಿದ್ದೆ ನೀನು?

ನಿನ್ನ ತಿಥಿ ಮುಗಿದ ಮಾರನೆಯ ಬೆಳಗ್ಗೆ ನೆಂಟರು ಇನ್ನೂ ಮನೆಯಲ್ಲಿದ್ದರು. ದೊಡ್ಡಮ್ಮ ಗೋಡೆ ಹಿಡಿದು ಬಂದು ಮಣಿ ಒತ್ತಿದಳು. ದನಿ ಮಷೀನಿನದೇ. ನಿಲ್ಲುವುದು ಮಾತ್ರ ನೀನು. ನಾನು ಕೈಯಲ್ಲಿ ಲೋಟ ಹಿಡಿದು ನಿಂತವಳು ಮುಂದಿನ ಸಾಲು ಬರುವವರೆಗೆ ಹಾಗೇ ನಿಂತಿದ್ದೆ. ನನ್ನ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋದಳು. ಆಮೇಲೆ ಎಲ್ಲರೂ ಅದೇ ಮಾತು ಆಡಿದರು, ಮಗ ಎಲ್ಲಿಗೂ ಹೋಗಿಲ್ಲ, ಅವ್ವನ ಜೊತೆಯಲ್ಲೇ ಇದ್ದಾನೆ ಅಂತ. ನಾನೂ ಆಡಿದೆ. ದೊಡ್ಡಮ್ಮ ಮುಂದಿನ ಸುದ್ದಿಗೆ ಮತ್ತೆ ಮಣಿ ಒತ್ತಿದಳು.

ಮಳೆಗಾಲ ಕಳೆಯುವ ಹೊತ್ತಿಗೆ ನಿನ್ನ ಮಷೀನು ಬಿಸಿಯೇರಿ ತಾನೇ ಆಫ್ ಆಗತೊಡಗಿತು. ಕಂಪೈಲ್ ಇಟ್ಟರಂತೂ ಉಳಿಯುವುದೇ ಇಲ್ಲ. ಬೇರೊಂದು ಮಷೀನು ತಂದು, ಸುಲಭವಾಗಲಿ ಎಂದು ನನ್ನ ರೋಲಿಂಗನ್ನೇ ಹಾಕಿದೆ. ಅದು ಪಟಪಟ ಓದಿತು. ಕೇಳಿ ನನಗೆ ಭಯವಾಯಿತು, ಅಣ್ಣಾ. ಉಳಿದಿದ್ದ ನಿನ್ನನ್ನೂ ನನ್ನ ಕೈಯಾರೆ ಒರೆಸಿಬಿಟ್ಟೆನೇನೋ ಅನ್ನಿಸಿತು. ನಿನ್ನ ತಿದ್ದುಪಡಿಯನ್ನು ಅದಕ್ಕೂ ಹಾಕಬಹುದಿತ್ತು. ಆದರೆ ಮುಂದಿನ ಅಪ್‌ಡೇಟಿಗೆ ಅಳಿಸಿಹೋಗುತ್ತದೆ, ನಾನು ಮಾಗಡಿಯಲ್ಲಿರುತ್ತೇನೆ. ಅದಕ್ಕೇ ನಿನ್ನ ದಾರಿಗೇ ಬಂದೆ. ಭಾನುವಾರ ಭಾನುವಾರ ರಾಮನಗರದಲ್ಲಿ ಬಸ್ಸು ಬದಲಿಸಿ ಬಂದು, ಹೊಸ ಮಷೀನಿನಲ್ಲಿ ನಿನ್ನ ಸೋರ್ಸ್ ಲಿನಕ್ಸನ್ನು ಬುಡದಿಂದ ಕಟ್ಟಿದೆ. ಒಂದು ಕಟ್ಟಿದರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು. ಇದಕ್ಕೇನು ಮಾಡಲಿ ಅಂತ ಬಾಯಿಬಿಟ್ಟು ನಿನ್ನನ್ನೇ ಕೇಳುತ್ತಿದ್ದೆ. ಒಂದೆರಡು ಸಲ, ಉತ್ತರಕ್ಕೆಂದು ಹಿಂದಿರುಗಿಯೂ ನೋಡಿದ್ದೇನೆ.

ಹೋದ ತಿಂಗಳು ಎಲ್ಲ ಮುಗಿಯಿತು. ಹಳೆಯ ಡಿಸ್ಕಿನಿಂದ ನಿನ್ನ ಫೈಲು ತೆಗೆದು ಸೇರಿಸಿದೆ. ದೊಡ್ಡಮ್ಮನನ್ನು ಕೂರಿಸಿ, ನಾನೇ ಮಣಿ ಒತ್ತಿದೆ. ಓದಿತು, ನಿಂತಿತು. ಓದಿತು, ನಿಂತಿತು. ನನಗೆ ಹೆಮ್ಮೆ, ಅಳು ಎರಡೂ ಒಟ್ಟಿಗೆ ಬಂದವು. ದೊಡ್ಡಮ್ಮ ನಾಲ್ಕು ಸಾಲು ಕೇಳಿ, ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ಇದ ತಗ್ದ್‌ಬುಡವ್ವ," ಅಂದಳು. "ಆವತ್ತು ಓಡೋಡಿ ಓದ್ತಲ್ಲ, ಅದೇ ಇರ್ಲಿ."

ಇದು ಅಣ್ಣ ಓದುವ ಹಾಗೇ ಓದುತ್ತದೆ ದೊಡ್ಡಮ್ಮ, ಅಂದೆ. ಅದು ಅವಳಿಗೆ ಗೊತ್ತಿಲ್ಲವೇ?

"ಆವತ್ತು ಸಂಜೆ ಅಂಗಡೀಲಿ ಆದದ್ದೇನೋ ಹೇಳ್ತಿದ್ದ. ಮಾತು ನಿಂತೋಯ್ತು. ಉಸ್ರು ತಕ್ಕತಾವ್ನೆ ಅಂದ್ಕಂಡು ಸುಮ್ಕೆ ಕಾದೆ ಕಣವ್ವ. ಕಣ್ಣು ಕಾಣಕ್ಕಿಲ್ವಲ್ಲ. ಕಾಯ್ತಾನೇ ಇದ್ದೆ." ನನ್ನ ಕೈ ಬಿಡದೆ ಮತ್ತೆ ಅಂದಳು, "ಇದು ನಿಂತಾಗೆಲ್ಲ ನಂಗೆ ಅದೇಯ. ನೀವೆಲ್ಲ ಆಸೆಯಿಂದ ಮಾಡೀರಿ. ಹೆಂಗೆ ಬ್ಯಾಡ ಅನ್ಲಿ?"

ನೀನು ನಿದ್ದೆಯಲ್ಲೇ ಹೋದೆ ಅಂತ ನಾವೆಲ್ಲ ನಂಬಿದ್ದೆವು, ಅಣ್ಣಾ. ಆ ಸಂಜೆ ಅವಳು ಎಷ್ಟು ಹೊತ್ತು ಹಾಗೆ ಕೂತಿದ್ದಳೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಅಷ್ಟು ತಿಂಗಳು ದಿನಾ ಬೆಳಗ್ಗೆ ಆ ಮಣಿ ಒತ್ತಿದ್ದಾಳೆ, ನಮಗೆ ಬೇಜಾರಾದೀತು ಅಂತ.

ಅವತ್ತೇ ಎಲ್ಲ ಬಿಚ್ಚಿ, ರೋಲಿಂಗ್ ಹಾಕಿಕೊಟ್ಟೆ. ಈಗ ನಡುಮನೆಯ ಮಷೀನು ಎಲ್ಲೂ ನಿಲ್ಲದೆ ಓದುತ್ತದೆ. ದೊಡ್ಡಮ್ಮ ಕಾಫಿ ಆರುವ ಮುಂಚೆ ಪೇಪರ್ ಮುಗಿಸಿ, ರೇಷ್ಮೆಗೂಡಿನ ರೇಟಿನ ಬಗ್ಗೆ ಪಕ್ಕದ ಮನೆಯವರ ಜೊತೆ ವಾದಕ್ಕೆ ನಿಲ್ಲುತ್ತಾಳೆ. ದಿನಬಳಕೆಗೆ ಯಾವುದು ಸರಿ ಅಂತ ಮಾಗಡಿಯ ಮಕ್ಕಳು ಕೇಳಿದರೆ ರೋಲಿಂಗ್ ಅನ್ನುತ್ತೇನೆ. ನೀನು ಗೆದ್ದೆಯೋ ನಾನು ಗೆದ್ದೆನೋ, ನನಗಂತೂ ತಿಳಿಯುತ್ತಿಲ್ಲ.

ಯಾಕೆಂದರೆ ನಿನ್ನ ಫೈಲನ್ನು ನಾನು ಬಿಸಾಡಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿದೆ. ಪ್ರತಿ ಅಪ್‌ಡೇಟೂ ಓದುವ ಪ್ರೋಗ್ರಾಮಿನಿಂದ ನಿನ್ನ ತಿದ್ದುಪಡಿಯನ್ನು ಒರೆಸಿಹಾಕುತ್ತದೆ. ನಾನು ಆ ಒಂದೇ ಪ್ರೋಗ್ರಾಮನ್ನು ಸೋರ್ಸಿನಿಂದ ಮತ್ತೆ ಕಟ್ಟುತ್ತೇನೆ. ಮೊದಲು ನನಗೆ ಗೊತ್ತಿದ್ದದ್ದು ನಿಂತ ಮೇಲೆ ಮತ್ತೆ ಶುರು ಮಾಡುವ ಅಣ್ಣ. ಈಗ ದೊಡ್ಡಮ್ಮ ಹೇಳಿದ್ದು ಕೇಳಿದ್ದೇನೆ. ಈಗ ಅದು ನಿಂತಾಗ ನಾನೂ ಕಾಯುತ್ತೇನೆ. ಆದರೂ ಬಿಡಲು ಮನಸ್ಸು ಬರುತ್ತಿಲ್ಲ.

ಇದಿಷ್ಟು ಬರೆದು ಮುಗಿಸಿ, ದೊಡ್ಡಮ್ಮನಿಗೆ ಕೇಳಿಸದ ಹಾಗೆ ಬಾಗಿಲು ಹಾಕಿಕೊಂಡು, ಈ ಪತ್ರವನ್ನು ನನ್ನ ಲ್ಯಾಪ್‌ಟಾಪಿನ ಆ ಪ್ರೋಗ್ರಾಮಿನಿಂದಲೇ ಓದಿಸುತ್ತೇನೆ. ಕೊನೆಯ ಸಾಲು ಓದಿ ಅದು ನಿಲ್ಲುತ್ತದೆ. ಆಮೇಲೆ ನಾನು ಎಷ್ಟು ಹೊತ್ತು ಕಾಯಲಿ, ಅಣ್ಣಾ?