ಕತ್ತರಿಸಿದ ಹನ್ನೊಂದು ಸೆಕೆಂಡು ವಾಪಸ್ ಕೊಡಿ

ಮಾನ್ಯ ಕಾರ್ಯಕ್ರಮ ಮುಖ್ಯಸ್ಥರೇ,

ನಿಮ್ಮ ವಾಹಿನಿ ನನ್ನ ಕೈಯನ್ನು ನನ್ನ ಮಗಳ ವಿರುದ್ಧ ಬಳಸಿಕೊಂಡಿದೆ. ಇದು ಅಲಂಕಾರಕ್ಕೆ ಹೇಳಿದ ಮಾತಲ್ಲ. ಕೋಗಿಲು ಮುಖ್ಯರಸ್ತೆಯ ನನ್ನ ರೊಟ್ಟಿ ಕೇಂದ್ರದಲ್ಲಿ ದಿನವೂ ಜೋಳದ ರೊಟ್ಟಿ ಬಡಿಯುವ, ಹೆಬ್ಬೆರಳಿನ ಬುಡದಲ್ಲಿ ಸುಟ್ಟ ಕಲೆಯಿರುವ, ಈಗ ಈ ಕಾಗದ ಬರೆಯುತ್ತಿರುವ ಕೈ ಅದು. ನೀವು ಅದನ್ನು ಬಳಸಿದ ರೀತಿಗೆ ನನ್ನ ಮಗಳ ಎಡಗೈ ಆರು ವಾರ ಕುತ್ತಿಗೆಗೆ ನೇತುಬಿದ್ದಿತ್ತು. ಅದೇ ಎಡಗೈ ಇನ್ನೆರಡು ತಿಂಗಳಿಗೆ ಮತ್ತೆ ನಿಮ್ಮ ಕಾರ್ಯಕ್ರಮಕ್ಕೆ ಬರಲಿದೆ, ಮುರಿಯದೆ ಮನೆಗೆ ವಾಪಸ್ಸಾಗಬೇಕು ಎನ್ನುವುದೇ ನನ್ನ ಅಹವಾಲು. ನಿಮ್ಮ ಕಚೇರಿಗೆ ಎರಡು ಸಲ ಖುದ್ದಾಗಿ ಬಂದಿದ್ದೆ. ಒಂದು ಸಲ ಗೇಟಿನಲ್ಲಿ ಅಡುಗೆ ಕಾರ್ಯಕ್ರಮದ ಆಡಿಷನ್ನಾ ಆಂಟೀ ಅಂತ ಕೇಳಿದರು, ಇನ್ನೊಂದು ಸಲ ಇಮೇಲ್ ಮಾಡಿ ಅಂದರು. ಇಮೇಲಿಗೆ ನಿಮ್ಮ ಪ್ರೀತಿಗೆ ನಾವು ಸದಾ ಋಣಿ ಎಂಬ ಉತ್ತರ ಬಂತು. ಯಾವ ಪ್ರೀತಿ ಸ್ವಾಮಿ?

ಮೊದಲು ನನ್ನ ಅರ್ಹತೆ ಹೇಳಿಬಿಡುತ್ತೇನೆ. ನಿಮ್ಮ 'ಬನ್ನಿ ಬಡಿದಾಡೋಣ' ಹೊಸ ವೀಕ್ಷಕರಿಗಾಗಿಯೇ ಇದೆ ಎಂದು ಪರದೆಯ ಮೂಲೆಯಲ್ಲಿ ಗಂಟೆಗೆ ಆರು ಸಲ ಬರುತ್ತದೆ. ಈ ಆಟಕ್ಕೆ ನನಗಿಂತ ಹೊಸಬರು ಈ ಯಲಹಂಕದ ಸುತ್ತ ನಿಮಗೆ ಸಿಗಲಿಕ್ಕಿಲ್ಲ. ಸೇಡಂ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ನಾಲ್ಕು ವರ್ಷವಾಯಿತು. ಯಜಮಾನರು ಸೋಮನಾಥ, ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಮಷೀನಿನ ಮುಂದೆ ನಿಲ್ಲುವವರು, ಸೊಳ್ಳೆ ಹೊಡೆಯುವುದಕ್ಕೂ ನನ್ನನ್ನೇ ಕರೆಯುತ್ತಾರೆ. ಇಂಥ ಮನೆಯಲ್ಲಿ ಮಗಳು ರಕ್ಷಾ ಕಾಲೇಜು ಎರಡನೇ ವರ್ಷದಲ್ಲಿ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್ ಕಲಿಯುತ್ತೇನೆ ಅಂದಾಗ, ಕರಾಟೆಗೆ ಹೊಸ ಹೆಸರಿಟ್ಟಿರಬೇಕು, ಬಿಳಿ ಬಟ್ಟೆ ಒಗೆಯುವ ಕೆಲಸ ಹೆಚ್ಚಾಯಿತು ಅಂದುಕೊಂಡೆ, ಅಷ್ಟೇ. ಗುದ್ದುವುದು, ಒದೆಯುವುದು, ಕೆಡವುವುದು, ಕೆಡವಿದ ಮೇಲೆ ಕೈಕಾಲು ತಿರುಚಿ ಹಿಡಿಯುವುದು ಎಲ್ಲ ಒಂದೇ ಆಟದಲ್ಲಿ ನಡೆಯುತ್ತದೆಂದು ತಿಳಿದದ್ದು ನಿಮ್ಮಿಂದ. ಅಷ್ಟು ಉಪಕಾರ ಒಪ್ಪಿಕೊಳ್ಳುತ್ತೇನೆ.

ಇನ್ನು ವಿಮರ್ಶೆ. ಗೋಡೆಗಡಿಯಾರ ನೋಡಿಕೊಂಡೇ ಒಂಬತ್ತು ಕಂತು ಮುಗಿಸಿದ್ದೇನೆ. ಗಂಟೆಯಲ್ಲಿ ಇಪ್ಪತ್ತೆರಡು ನಿಮಿಷ ಜಾಹೀರಾತು, ಅದರಲ್ಲಿ ಮುಕ್ಕಾಲು ಪಾಲು ಮಂಡಿನೋವಿನ ಎಣ್ಣೆ. ಹೊಗೆ ಬಿಟ್ಟು ಸ್ಪರ್ಧಿಗಳನ್ನು ನಡೆಸಿಕೊಂಡು ಬರುವುದಕ್ಕೆ ಎಂಟು ನಿಮಿಷ, ಆ ಹೊಗೆಗೆ ಅವರೇ ಕೆಮ್ಮುತ್ತಾರೆ. ಒಂದು ಗುದ್ದನ್ನು ಏಳು ಸಲ ತೋರಿಸುತ್ತೀರಿ. ಐದನೆಯ ಸಲಕ್ಕೆ ನನಗೆ ಗುದ್ದಿದವರನ್ನು ಬಿಟ್ಟು ತೋರಿಸಿದವರ ಮೇಲೆ ಸಿಟ್ಟು ಬರುತ್ತದೆ. ಜರಿ ಕೋಟಿನ ನಿಮ್ಮ ನಿರೂಪಕರು 'ಬೆಂಕಿ ಗುರೂ' ಬಿಟ್ಟರೆ ಬೇರೆ ವಿವರಣೆ ಕೊಟ್ಟದ್ದು ನಾನು ಕೇಳಿಲ್ಲ. ಅವರ ಪಕ್ಕದಲ್ಲಿ ಧಾರಾವಾಹಿಯ ನಟಿಯೊಬ್ಬರು ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು ಕೂತಿರುತ್ತಾರೆ. ನೋಡಲಾರದವರನ್ನು ತಂದು ನೋಡುವವರ ಪ್ರತಿನಿಧಿಯಾಗಿ ಕೂರಿಸಿದ ಬುದ್ಧಿ ಯಾರದು? ಸಾಲದ್ದಕ್ಕೆ ಒಬ್ಬ ಜ್ಯೋತಿಷಿ. ಎಡಮೂಲೆಯ ಸ್ಪರ್ಧಿಗೆ ಕುಜ ಬಲವಾಗಿದ್ದಾನೆ ಅಂದರು, ಕುಜ ಒಂದೂವರೆ ನಿಮಿಷಕ್ಕೆ ಮೂಗಿನಲ್ಲಿ ರಕ್ತ ಸುರಿಸಿಕೊಂಡು ಸ್ಟ್ರೆಚರಿನಲ್ಲಿ ಹೋದ. ಇಷ್ಟೆಲ್ಲ ಆಗಿ ಆಟದ ನಿಯಮ ಹೇಳುವುದಕ್ಕೆ ಉಳಿದದ್ದು ನಲವತ್ತು ಸೆಕೆಂಡು. ಕಚ್ಚಬಾರದು, ಕಣ್ಣಿಗೆ ಬೆರಳು ಹಾಕಬಾರದು ಅಂದಿರಿ. ಅಷ್ಟನ್ನು ನನಗೆ ಒಂದನೇ ಕ್ಲಾಸಿನಲ್ಲೇ ಹೇಳಿಕೊಟ್ಟಿದ್ದರು. ಹೇಳಲೇಬೇಕಾಗಿದ್ದ ಇನ್ನೊಂದು ನಿಯಮ ಇತ್ತು, ಅದನ್ನು ಮಾತ್ರ ನೀವು ಹೇಳಲಿಲ್ಲ.

ರಕ್ಷಾ ನಿಮ್ಮ ಕಾರ್ಯಕ್ರಮಕ್ಕೆ ಆಯ್ಕೆಯಾದಾಗ, 'ಭಾವುಕ ಹಿನ್ನೆಲೆ' ಬೇಕೆಂದು ನಿಮ್ಮ ತಂಡದ ಆರು ಜನ ನನ್ನ ಕೇಂದ್ರಕ್ಕೆ ಬಂದರು. ಮೂರು ಗಂಟೆ ನನ್ನ ಕೈಯಿಂದ ರೊಟ್ಟಿ ಮಾಡಿಸಿದರು. ಫ್ರಿಜ್ಜಿಗೆ ಬೆಡ್‌ಶೀಟ್ ಹೊದಿಸಿದರು, ಮಗಳ ಸ್ಕೂಟಿಯನ್ನು ಪಕ್ಕದ ಸಂದಿಗೆ ತಳ್ಳಿದರು, ಗ್ಯಾಸ್ ಬೇಡ, ಸೌದೆ ಒಲೆ ಇಲ್ವಾ ಅಂದರು. ಆಮೇಲೆ ತಂಡದ ಹುಡುಗಿಯೊಬ್ಬಳು, ಒಳ್ಳೆಯವಳೇ ಪಾಪ, ಹತ್ತಿರ ಕೂತು, "ಆಂಟೀ, ನಿಮಗೆ ಸ್ವಲ್ಪನಾದ್ರೂ ಕಷ್ಟ ಇಲ್ವಾ?" ಅಂತ ಕೇಳಿದಳು. ಇದೆಯಮ್ಮ, ಈ ಊರಲ್ಲಿ ಒಳ್ಳೇ ಜೋಳ ಸಿಗೋದಿಲ್ಲ ಅಂದೆ. ಅಂಥ ಕಷ್ಟ ಬೇಡವಂತೆ. ಸ್ವಲ್ಪ ಅಳುತ್ತೀರಾ ಅಂದಳು. ಮಗಳು ಟೀವಿಯಲ್ಲಿ ಬರುತ್ತಾಳೆ, ಅದಕ್ಕೆ ಯಾಕೆ ಅಳಲಿ? ಕೊನೆಗೆ ನನ್ನ ಕಣ್ಣಿನಿಂದ ಏನೂ ಹೊರಡುವುದಿಲ್ಲ ಎಂದು ಖಾತ್ರಿಯಾಗಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಹಚ್ಚಿಕೊಂಡು ಇಪ್ಪತ್ತಾರು ರೊಟ್ಟಿ ತಿಂದು ಹೋದರು. ತಿಂದದ್ದಕ್ಕೆ ತಕರಾರಿಲ್ಲ, ಪ್ರೀತಿಯಿಂದಲೇ ಬಡಿಸಿದ್ದೆ.

ಪಂದ್ಯ ನಡೆದದ್ದು ಯಶವಂತಪುರದ ಗೋದಾಮೊಂದರಲ್ಲಿ ನೀವು ಹಾಕಿದ ಸೆಟ್ಟಿನಲ್ಲಿ, ಸುತ್ತ ಬಲೆ ಕಟ್ಟಿದ ಪಂಜರದೊಳಗೆ. ಜಕ್ಕೂರಿನ ಮದುವೆಮನೆಯೊಂದಕ್ಕೆ ರೊಟ್ಟಿ ಒಪ್ಪಿಕೊಂಡಿದ್ದರಿಂದ ನಾನು ಹೋಗಲಾಗಲಿಲ್ಲ. ರಕ್ಷಾ ಸೋತು ಬಂದಳು. ಆದರೆ ಮುಖ ಬಾಡಿರಲಿಲ್ಲ. ಆರ್‌ಟಿ ನಗರದ ಮೋನಿಷಾ ಅಂತ, ಸಖತ್ತಾಗಿ ಆಡಿದಳು, ಅವಳ ಜೊತೆ ಇನ್ನೊಂದು ಸಲ ಆಡಬೇಕು ಅನ್ನುತ್ತ ಎರಡು ರೊಟ್ಟಿ ಹೆಚ್ಚೇ ತಿಂದಳು. ಹತ್ತು ದಿನ ಕಳೆದು ಭಾನುವಾರ ಸಂಜೆ ಅದು ಪ್ರಸಾರವಾಯಿತು. ನಮ್ಮ ಮನೆ ಮಾಲೀಕರು ಅಂಜಿನಮ್ಮ, ಕೋಗಿಲು ಇನ್ನೂ ಹಳ್ಳಿಯಾಗಿದ್ದಾಗಿಂದ ಇಲ್ಲೇ ಇರುವವರು, ತಮ್ಮ ಕುರ್ಚಿ ತಾವೇ ಹೊತ್ತುಕೊಂಡು ಬಂದು ನಮ್ಮ ಟೀವಿ ಮುಂದೆ ಕೂತರು. ಪರದೆಯಲ್ಲಿ ರಕ್ಷಾ ಅಂಗಾತ ಬಿದ್ದಿದ್ದಳು. ಮೋನಿಷಾ ಅವಳ ಎಡಗೈಯನ್ನು ತೊಡೆಗಳ ನಡುವೆ ಸಿಕ್ಕಿಸಿ ಮೊಣಕೈಯನ್ನು ಹಿಂದಕ್ಕೆ ಬಾಗಿಸುತ್ತಿದ್ದಳು. ರಕ್ಷಾಳ ಬಲ ಅಂಗೈ ಪಟಪಟ ಮೂರು ಸಲ ನೆಲ ಬಡಿಯಿತು. ಆ ಕ್ಷಣಕ್ಕೆ ಸರಿಯಾಗಿ ನೀವು ನನ್ನ ಕೈ ತಂದಿಟ್ಟಿರಿ, ಹಿಟ್ಟಿನ ಮೇಲೆ ರೊಟ್ಟಿ ಬಡಿಯುತ್ತಿರುವ ಕೈ. ಮಗಳ ಕೈ, ನನ್ನ ಕೈ, ಮಗಳ ಕೈ, ನನ್ನ ಕೈ, ಹಿಂದೆ ತಮಟೆ. ನಿಮ್ಮ ನಿರೂಪಕರು ಹೊಟ್ಟೆ ಹಿಡಿದುಕೊಂಡು, "ಮಗಾ, ಫೈಟ್ ಮಾಡು ಅಂದ್ರೆ ಅವ್ರಮ್ಮನ್ ಥರ ರೊಟ್ಟಿ ಬಡೀತಾವ್ಳೆ!" ಅಂದರು. ಅಲ್ಲಿಂದ ನೇರ ಮಂಡಿನೋವಿನ ಎಣ್ಣೆ.

ಈಗ ನನ್ನ ತಪ್ಪು. ನಾನು ನಕ್ಕೆ. ನನ್ನ ಕೈ ಅಷ್ಟು ದೊಡ್ಡದಾಗಿ ಟೀವಿಯಲ್ಲಿ ಕಂಡದ್ದೇ ಖುಷಿಯಾಗಿ, ಅದನ್ನು ಯಾಕೆ ತೋರಿಸಿದರು ಎಂಬುದು ತಲೆಗೆ ಹೋಗಲೇ ಇಲ್ಲ. ಅಂಜಿನಮ್ಮ ಮಾತ್ರ, ಇಂಗೆ ನೆಲ ಬಡ್ಕಂಡು ಸೋತ್ಬುಟ್ಲಲ್ಲಮ್ಮ, ಒಸಿ ತಡ್ಕಬಾರ್ದಿತ್ತಾ ಅಂದರು. ಕೇಳಿದ ಮೇಲೆ ನನಗೂ ಹಾಗೇ ಅನ್ನಿಸಿತು. ಯಾಕನ್ನಿಸಬಾರದು? ಗುದ್ದು ತಿಂದು ಪ್ರಜ್ಞೆ ತಪ್ಪಿದವರಿಗೆ ಶಂಖನಾದ, ನೆಲ ಬಡಿದವರಿಗೆ ಕೋಳಿ ಕೂಗುವ ಸದ್ದು, ಇದನ್ನೇ ತಾನೆ ನೀವು ಒಂಬತ್ತು ವಾರ ಕಲಿಸಿದ್ದು? ರಕ್ಷಾ ಒಳಕೋಣೆಯಿಂದ ಬಂದಾಗ ಕೇಳಿಯೇಬಿಟ್ಟೆ: "ಇನ್ನೊಂದ್ ನಿಮಿಷ ತಡ್ಕೊಂಡಿದ್ರ ಏನಾಗ್ತಿತ್ತವಾ? ಅಷ್ಟಕ್ಕ ಕೈ ಬಡಿದಿ?" ಅವಳು ತಟ್ಟೆ ತೊಳೆದಿಟ್ಟು ಮಹಡಿಗೆ ಹೋದಳು. ಮರುದಿನ ಕಾಲೇಜಿನಲ್ಲಿ ಅವಳನ್ನು ಕಂಡವರೆಲ್ಲ ಅಂಗೈಗೆ ಅಂಗೈ ಬಡಿದು ಎರಡು ರೊಟ್ಟಿ ಪಾರ್ಸೆಲ್ ಅಂದರಂತೆ. ಅದನ್ನು ಅವಳು ನನಗೆ ಹೇಳಲಿಲ್ಲ, ಆಮೇಲೆ ಬೇರೆಯವರಿಂದ ತಿಳಿಯಿತು.

ಮಂಗಳವಾರ ಬೆಳಿಗ್ಗೆ ಗುಲಾಮ್ ರಸೂಲ್ ಫೋನ್ ಮಾಡಿದರು. ಅಮೃತಹಳ್ಳಿಯ ಟೈರ್ ಅಂಗಡಿಯ ಮಹಡಿಯಲ್ಲಿ ರಕ್ಷಾಳಿಗೆ ಈ ಆಟ ಕಲಿಸುವ ಕೋಚ್ ಅವರು, ಮಾತು ಕಡಿಮೆ, ಅಭ್ಯಾಸದಲ್ಲಿ ಕೈಗೆ ಪೆಟ್ಟಾಗಿದೆ ಎಂದಷ್ಟೇ ಅಂದರು. ಆಸ್ಪತ್ರೆಗೆ ಓಡಿದೆ. ಬೆಂಚಿನ ಮೇಲೆ ರಕ್ಷಾ ಸುಮ್ಮನೆ ಕೂತಿದ್ದಳು, ಅವಳ ಜೊತೆ ಅಭ್ಯಾಸ ಮಾಡುವ ಹುಡುಗಿ ಪಕ್ಕದಲ್ಲಿ ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಮೊಣಕೈಯ ಮೂಳೆ ಹಿಡಿದಿಡುವ ಕಟ್ಟು ಅರ್ಧ ಹರಿದಿದೆ, ಆರು ವಾರ ಅಲ್ಲಾಡಿಸಬಾರದು, ಇನ್ನೊಂದು ಸಲ ಹೀಗಾದರೆ ಈ ಕೈ ಪೂರ್ತಿ ನೀಡುವುದಕ್ಕೆ ಆಗಲಿಕ್ಕಿಲ್ಲ ಅಂದರು ಡಾಕ್ಟರು. ರಸೂಲ್ ಸಾಹೇಬರು ಗೋಡೆಗೆ ಒರಗಿ ನಿಂತು, "ಅವಳು ಬಡೀಲಿಲ್ಲ ಅಮ್ಮ. ಆ ಹುಡುಗಿ ಕಾಯ್ತಾನೇ ಇದ್ಲು, ಇವಳು ಬಡೀಲೇ ಇಲ್ಲ" ಅಂದರು. ಯಾರು ಬಡಿಯಬೇಡ ಅಂದಿದ್ದರು ಎಂದು ಅವರಿಗೆ ಗೊತ್ತಿರಲಿಲ್ಲ.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅವರು ನನಗೆ ಪಾಠ ಮಾಡಿದರು. ನೀವು ಒಂಬತ್ತು ಗಂಟೆಯಲ್ಲಿ ಮಾಡದ ಪಾಠ ಒಂದು ಟೀ ಮುಗಿಯುವುದರೊಳಗೆ ಆಯಿತು. ಅಂಗೈಯಲ್ಲಿ ನೆಲವನ್ನೋ ಎದುರಾಳಿಯ ಮೈಯನ್ನೋ ಬಡಿಯುವುದಕ್ಕೆ ಟ್ಯಾಪ್ ಅನ್ನುತ್ತಾರೆ. ಸಾಕು, ಬಿಡು ಅಂತ ಅರ್ಥ. ಬಡಿದ ತಕ್ಷಣ ಎದುರಿನವರು ಬಿಡಲೇಬೇಕು. ಅವರ ಜಿಮ್ಮಿಗೆ ಯಾರೇ ಸೇರಲಿ, ಮೊದಲ ದಿನ ಗುದ್ದುವುದು ಕಲಿಸುವುದಿಲ್ಲ, ತಮ್ಮ ಭುಜವನ್ನು ಇಪ್ಪತ್ತು ಸಲ ಬಡಿಸಿಕೊಳ್ಳುತ್ತಾರೆ. ಈ ಬಡಿತ ಇದೆಯೆಂಬ ಧೈರ್ಯಕ್ಕೇ ಇಬ್ಬರು ಗೆಳತಿಯರು ಪೂರ್ತಿ ಶಕ್ತಿ ಹಾಕಿ ಸೆಣಸಿ, ಆಮೇಲೆ ಒಂದೇ ಸ್ಕೂಟಿಯಲ್ಲಿ ಮನೆಗೆ ಹೋಗುತ್ತಾರಂತೆ. ಅಷ್ಟು ಹೇಳಿ, ಪಂಜರದ ಹೊರಗಿನಿಂದ ತಾವೇ ತೆಗೆದಿದ್ದ ಪಂದ್ಯದ ವಿಡಿಯೋ ತೋರಿಸಿದರು. ರಕ್ಷಾ ನೆಲ ಬಡಿಯುತ್ತಾಳೆ. ಮೂರನೇ ಬಡಿತ ಮುಗಿಯುವ ಮೊದಲೇ, ರೆಫರಿ ಹತ್ತಿರ ಬರುವ ಮೊದಲೇ, ಮೋನಿಷಾ ಕೈ ಬಿಡುತ್ತಾಳೆ. ಮಂಡಿಯೂರಿ ಕೂತು ರಕ್ಷಾಳ ಮೊಣಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಮಡಚಿ ನೀಡಿ ನೋಡುತ್ತಾಳೆ, ಏನೋ ಕೇಳುತ್ತಾಳೆ. ರಕ್ಷಾ ನಗುತ್ತಾಳೆ. ಒಬ್ಬರನ್ನೊಬ್ಬರು ಹಿಡಿದುಕೊಂಡು ಏಳುತ್ತಾರೆ. ಎಲ್ಲ ಸೇರಿ ಹನ್ನೊಂದು ಸೆಕೆಂಡು. ನೀವು ಅದನ್ನು ಕತ್ತರಿಸಿ ಆ ಜಾಗಕ್ಕೆ ನನ್ನ ಕೈ ಅಂಟಿಸಿದಿರಿ.

ಏಳು ಸಲ ತೋರಿಸುವ ಗುದ್ದಿಗೆ ಸಮಯವಿತ್ತು, ಕುಜನಿಗೆ ಸಮಯವಿತ್ತು, ಈ ಹನ್ನೊಂದು ಸೆಕೆಂಡಿಗೆ ಇರಲಿಲ್ಲವೇ? ಗೆದ್ದವಳು ಸೋತವಳ ಕೈ ನೀವಿಕೊಟ್ಟರೆ ಟಿಆರ್‌ಪಿ ಬಿದ್ದುಹೋಗುತ್ತದೆಯೇ? ಇನ್ನೊಂದು ಮಾತು. ರೊಟ್ಟಿ ಬಡಿಯುವುದನ್ನು ಹೇಡಿತನಕ್ಕೆ ಹೋಲಿಸಿದಿರಲ್ಲ, ನನ್ನ ಕೇಂದ್ರಕ್ಕೆ ಕೆಲಸಕ್ಕೆ ಬರುವ ಹೆಂಗಸರಿಗೆ ನಾನು ಮೊದಲ ದಿನ ಹೇಳುವುದೇನು ಗೊತ್ತೇ? ಹಂಚು ಸುಟ್ಟರೆ ಕೈ ತೆಗಿ. ಎದುರಿಗೆ ಎಷ್ಟೇ ಜನ ತಟ್ಟೆ ಹಿಡಿದು ಕೂತಿರಲಿ, ರೊಟ್ಟಿ ಕರಕಾದರೆ ಇನ್ನೊಂದು ಬಡಿದರಾಯಿತು, ಕೈ ಸುಟ್ಟರೆ ನಾಳೆ ಯಾರು ಬಡಿಯಬೇಕು? ರಕ್ಷಾಳಿಗೂ ಎಂಟನೇ ವಯಸ್ಸಿನಲ್ಲಿ ಇದನ್ನೇ ಹೇಳಿ ಕಲಿಸಿದ್ದೆ. ಅಷ್ಟು ವರ್ಷ ನಾನೇ ಹೇಳಿಕೊಂಡು ಬಂದದ್ದನ್ನು ನಿಮ್ಮ ತಮಟೆ ಸದ್ದಿನಲ್ಲಿ ನಾನೇ ಮರೆತೆ. ನಾಚಿಕೆಯಾಗುತ್ತದೆ, ಮಾನ್ಯರೇ, ನಿಮ್ಮ ಬಗ್ಗೆಯೂ, ನನ್ನ ಬಗ್ಗೆಯೂ.

ಕೈಪಟ್ಟಿ ಬಿಚ್ಚಿದ ದಿನ ರಕ್ಷಾಳ ಮುಂದೆ ಕೂತು ತಪ್ಪು ನನ್ನದು ಅಂದೆ. ಬಡಿದದ್ದೇ ಸರಿ, ಮತ್ತೆ ಹಾಗಾದರೆ ಮತ್ತೆ ಬಡಿ ಅಂದೆ. ಅವಳು ನನ್ನ ಮೇಲೆ ಸಿಟ್ಟಿನಲ್ಲಿರಲಿಲ್ಲ, ಇದ್ದಿದ್ದರೇ ವಾಸಿಯಿತ್ತು. "ನೀನ್ ಹೇಳಿದ್ದು ನನಗೊಬ್ಳಿಗೆ ಕೇಳಿಸ್ತು ಮಮ್ಮಿ," ಅಂದಳು. "ಅವ್ರು ಹೇಳಿದ್ದು ಊರಿಗೆಲ್ಲ ಕೇಳಿಸಿದೆ. ಈ ಸಲ ಬಡಿಯಲ್ಲ." ನಿಮ್ಮ ತಂಡದವರು ಅವಳಿಗೆ ಆಗಲೇ ಫೋನ್ ಮಾಡಿ, ಮೇ ಕೊನೆಯ ವಾರ ಮೋನಿಷಾ ಜೊತೆ ಮರುಪಂದ್ಯ, ಕಂತಿನ ಹೆಸರು 'ರೊಟ್ಟಿ ಹುಡುಗಿಯ ಸೇಡು' ಅಂದಿದ್ದಾರೆ. ಹೋಗಬೇಡ ಅನ್ನುವ ಹಕ್ಕನ್ನು ನಾನು ಆ ಭಾನುವಾರವೇ ಕಳೆದುಕೊಂಡೆ. ನಾನೊಬ್ಬಳು ಮನೆಯೊಳಗೆ ಹೇಳಿದರೆ ಸಾಲದು, ಊರಿಗೆಲ್ಲ ಕೇಳಿಸಿದ್ದನ್ನು ಊರಿಗೆಲ್ಲ ಕೇಳುವ ಹಾಗೇ ತಿದ್ದಬೇಕು. ಈ ಪತ್ರ ಬಹಿರಂಗವಾಗಿರುವುದು ಅದಕ್ಕೆ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಕ್ಷಮಾಪಣೆ ಬೇಡ, ಪರಿಹಾರ ಬೇಡ, ಸನ್ಮಾನಕ್ಕೆ ಕರೆದು ಶಾಲು ಹೊದಿಸುವುದಂತೂ ಬೇಡವೇ ಬೇಡ. ಮರುಪಂದ್ಯಕ್ಕೆ ಮೊದಲಿನ ಭಾನುವಾರ, ಏಳು ಗಂಟೆಗೆ ಸರಿಯಾಗಿ, ಆ ಹನ್ನೊಂದು ಸೆಕೆಂಡನ್ನು ಪೂರ್ತಿ ತೋರಿಸಿ. ಗುದ್ದಿನ ಹಾಗೆ ಏಳು ಸಲ ತೋರಿಸಿ. ತಮಟೆ ಬೇಡ, ಕೋಳಿ ಬೇಡ. ಜರಿ ಕೋಟಿನವರು ಎದ್ದು ನಿಂತು, ನೆಲ ಬಡಿಯುವುದು ಈ ಆಟದ ಮೊದಲ ಪಾಠ, ಬಡಿದವರೂ ಬಿಟ್ಟವರೂ ಸರಿಯಾಗಿ ಆಡಿದವರು ಎಂದು ಹೇಳಲಿ. ಬೇಕಾದರೆ ಆಮೇಲೆ ಬೆಂಕಿ ಗುರೂ ಅನ್ನಲಿ. ಕಂತಿನ ಹೆಸರಿನಿಂದ ರೊಟ್ಟಿಯನ್ನೂ ಸೇಡನ್ನೂ ತೆಗೆಯಿರಿ, ಎರಡೂ ನಿಮಗೆ ಮಾಡಲು ಬರುವುದಿಲ್ಲ.

ನೀವು ಮಾಡಿದರೂ ಸರಿ, ಮಾಡದಿದ್ದರೂ ಸರಿ, ಮರುಪಂದ್ಯದ ದಿನ ನನ್ನ ಕೇಂದ್ರಕ್ಕೆ ಬೀಗ. ಯಾರ ಮದುವೆಯೂ ಒಪ್ಪಿಕೊಂಡಿಲ್ಲ. ಪಂಜರದ ಪಕ್ಕ ಮೊದಲ ಸಾಲಿನಲ್ಲಿ, ಮಗಳ ಕಣ್ಣಿಗೆ ಬೀಳುವ ಕಡೆ ಕೂರುತ್ತೇನೆ. ಅವಳು ಗೆದ್ದರೆ ಎಲ್ಲರ ಜೊತೆ ನಾನೂ ಚಪ್ಪಾಳೆ ಹೊಡೆಯುತ್ತೇನೆ. ಮೊಣಕೈ ಸಿಕ್ಕಿಬಿದ್ದರೆ ಅವಳಿಗಿಂತ ಮೊದಲು ನಾನೇ ಪಂಜರದ ಕಟ್ಟೆ ಬಡಿಯುತ್ತೇನೆ, ಮೂರು ಸಲ, ಅವಳಿಗೆ ಕೇಳಿಸುವ ಹಾಗೆ. ನಿಮ್ಮ ಕ್ಯಾಮೆರಾ ಆಗ ಈ ಕೈಯನ್ನೇ ಹಿಡಿಯಲಿ. ಮೂರು ಗಂಟೆ ನೋಡಿದ್ದೀರಿ, ಗುರುತು ಸಿಗುತ್ತದೆ.

ಇಂತಿ,
ನೀವು ಕಲಿಸಿದ್ದನ್ನು ಬೇಗ ಕಲಿತು ಕೆಟ್ಟ ನಿಮ್ಮ ಹೊಸ ವೀಕ್ಷಕಿ,
ದಾಕ್ಷಾಯಣಿ ಸೋಮನಾಥ
ರೊಟ್ಟಿ ಕೇಂದ್ರ, ಕೋಗಿಲು