ಕಡಾಣಿ ಹೋಗಿ ಕಡಾಯಿ ಬಂತು

ವರ್ಕ್‌ಶಾಪಿನ ಮೇಲಿನ ಕೋಣೆ,
ಸೆಪ್ಟೆಂಬರ್ ೧೩, ಶನಿವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬಾಣಂತಿ ಹೇಗಿದ್ದಾಳೆ, ಪುಟಾಣಿ ಹೇಗಿದೆ? ಮೆಟ್ಟಿಲು ಹತ್ತುವಾಗ ನಿನ್ನ ಮಂಡಿ ಈಗಲೂ ನೋಯುತ್ತದೆಯೋ, ಇಲ್ಲ ಮೊಮ್ಮಗಳನ್ನು ಎತ್ತಿಕೊಂಡ ಮೇಲೆ ನೋವೂ ನಾಚಿ ಓಡಿಹೋಯಿತೋ? ಫೋನಿನಲ್ಲಿ ಕೇಳಿದರೆ "ಎಲ್ಲಾ ಚೆನ್ನಾಗಿದೆ" ಎಂದು ಮುಗಿಸಿಬಿಡುತ್ತೀಯ, ಅದಕ್ಕೇ ಈ ಕಾಗದ. ನಾನು ಆರಾಮ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ಅಂದರೆ ಹಸಿವು ತಡೆಯಲಾರದ ಹೊತ್ತಿಗೆ. ನಿನ್ನ ಹೊಲಿಗೆ ಯಂತ್ರಕ್ಕೆ ವೆಲ್ಡಿಂಗ್ ಕಿಡಿ ತಾಗದಂತೆ ತಗಡಿನ ಮರೆ ಕಟ್ಟಿದ್ದೇನೆ. ಬೈಯಲು ಬೇರೆ ಏನಾದರೂ ಹುಡುಕಿಕೊ.

ಮಗಳ ಬಾಣಂತನಕ್ಕೆಂದು ನೀನು ಹೊರಟ ವಾರ ಡಾಕ್ಟರಮ್ಮ ಬಂದಿದ್ದರಲ್ಲ, ಆ ಕೆಲಸದ ಸುದ್ದಿ ಹೇಳುತ್ತೇನೆ. "ಕಾಲಿಲ್ಲದವರಿಗೆ ನೀವು ಅಕ್ಕ ತಂಗಿ ಮಾಡ್ತಿರೋ ಕೈಪೆಡಲ್ ಗಾಡಿ ಇದೆಯಲ್ಲ, ಅದನ್ನ ಹೇಗೆ ಮಾಡ್ತೀರಿ ಅಂತ ಬರೆದು ಕೊಡಿ, ನಮ್ಮ ನಲವತ್ತು ಪುನರ್ವಸತಿ ಕೇಂದ್ರಕ್ಕೂ ಕಳಿಸ್ತೀವಿ" ಎಂದರು. ನೀನು ಬಸ್ಸಿನ ಕಿಟಕಿಯಿಂದ, "ಬರಿಯೇ, ನೋಟ್‌ಬುಕ್ ಇದಾವಲ್ಲ" ಎಂದು ಕೂಗಿ ಕೈ ತೊಳೆದುಕೊಂಡೆ. ಇಪ್ಪತ್ತನಾಲ್ಕು ವರ್ಷ, ಅರವತ್ತಮೂರು ಗಾಡಿ, ಹನ್ನೊಂದು ನೋಟ್‌ಬುಕ್ಕು. ನನ್ನ ಅಕ್ಷರವೋ, ಕೋಳಿ ಕೆದರಿದ ಹಾಗೆ. ಲೈಬ್ರರಿ ನೋಡಿಕೊಳ್ಳುವ ಆ ಕನ್ನಡಕದಮ್ಮ ಒಂದೊಂದು ಪುಟವನ್ನೂ ಫೋಟೊ ಹಿಡಿದು, ಕಂಪ್ಯೂಟರಿನಿಂದಲೇ ಓದಿಸಿ ಅಕ್ಷರ ಮಾಡಿಸಿದರು. ಮುಗಿಯಿತು ಅಂದುಕೊಂಡೆ. ಬಂದದ್ದು ನೋಡಿದರೆ, ಸಾಲುಗಳು ನಡುವೆಯೇ ಮುರಿದಿವೆ, ಒತ್ತಕ್ಷರಗಳು ಉದುರಿಹೋಗಿವೆ, ಗ್ರೀಸಿನ ಕಲೆಯನ್ನು ಕೂಡ ಅದು 'ಠ' ಎಂದು ಓದಿದೆ. ಪುಟಕ್ಕೆ ಹತ್ತು ಠ!

ಇದನ್ನು ಶುಚಿ ಮಾಡಲು ಯಾವ ಸಾಫ್ಟ್‌ವೇರ್ ಎಂದು ಕೇಳಿದೆ ನೋಡು, ಊರಿಗೆಲ್ಲ ಬಾಯಿ ಬಂತು. ನಿನ್ನ ಅಳಿಯ ಫೋನಿನಲ್ಲೇ ಒಂದನ್ನು ಹಾಕಿಸಿಕೊಟ್ಟ. ಪಾಪ, ಒಳ್ಳೆಯ ಮನಸ್ಸಿನಿಂದಲೇ. ತೆರೆಯ ಮೇಲೆ ಗಾಡಿಗೊಂದು ಬಣ್ಣದ ಡಬ್ಬಿ, ಅದರೊಳಗೆ ಚಿತ್ರ, ತಾರೀಕು, ಗುರುತು. ಆರು ಗಾಡಿಗಳನ್ನು ತುಂಬಿದೆ, ಕಣ್ಣಿಗೆ ಹಬ್ಬ. ಮಂಗಳವಾರ ನೆಟ್ ಹೋಯಿತು, ಒಂದು ಡಬ್ಬಿಯೂ ತೆರೆಯಲಿಲ್ಲ. ನಮ್ಮ ಮನೆಯ ಬೀಗದ ಕೈ ಯಾರೋ ಪಕ್ಕದೂರಿನಲ್ಲಿ ಇಟ್ಟುಕೊಂಡ ಹಾಗಾಯಿತು. ಆಮೇಲೆ ಇನ್ನೊಂದು ಸಿಕ್ಕಿತು, ತಾನಾಗಿಯೇ ತಿದ್ದುವಂಥದ್ದು. ಬರಹವನ್ನೆಲ್ಲ ಸುರಿದೆ, ಅರ್ಧ ನಿಮಿಷದಲ್ಲಿ ಒಗೆದು ಇಸ್ತ್ರಿ ಮಾಡಿದ ಹಾಗೆ ವಾಪಸ್ ಕೊಟ್ಟಿತು. ಸತ್ಯ ಹೇಳುತ್ತೇನೆ ಅಕ್ಕಾ, ಹಿಗ್ಗಿಹೋದೆ. ನನ್ನ ಬರಹವೇ ಯಾರೋ ಪಂಡಿತರದ್ದು ಅನ್ನಿಸುವ ಹಾಗಿತ್ತು. ಮೊದಲ ಮೂವತ್ತು ಪುಟ ಪ್ರಿಂಟ್ ತೆಗೆಸಿ ಬೆಂಚಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟೆ. ಸೋಮವಾರ ಡಾಕ್ಟರಮ್ಮನಿಗೆ ಕಳಿಸುವುದೆಂದು ತೀರ್ಮಾನ.

ಅಷ್ಟರಲ್ಲಿ ನಮ್ಮ ಒಂಬತ್ತನೇ ಗಾಡಿಯವರು, ಗಡಿಯಾರ ರಿಪೇರಿಯವರು, ಚೈನಿಗೆ ಎಣ್ಣೆ ಹಾಕಿಸಲು ಬಂದರು. ಸುಮ್ಮನೆ ಕೂರುವ ಪೈಕಿಯೇ ಅವರು? ಪುಟಗಳನ್ನು ತೆಗೆದುಕೊಂಡು ಓದತೊಡಗಿದರು. ಸ್ವಲ್ಪ ಹೊತ್ತಿಗೆ, "ಏನಮ್ಮಾ, ಎರಡೂ ಚಕ್ರಕ್ಕೆ ಕಡಾಯಿ ಹಾಕ್ಬೇಕಾ? ದಾರೀಲಿ ಅಡುಗೆ ಮಾಡ್ಕೊಂಡು ಹೋಗೋಕಾ?" ಎಂದರು. ನೋಡಿದರೆ, ಚಕ್ರ ಅಚ್ಚಿನಿಂದ ಜಾರದಂತೆ ತೂರಿಸುವ ಕಬ್ಬಿಣದ ಮೊಳೆ, ನಮ್ಮ ಕಡಾಣಿ, ಆ ತಿದ್ದುವ ಸಾಫ್ಟ್‌ವೇರಿಗೆ ಗೊತ್ತಿಲ್ಲ. ತನಗೆ ಗೊತ್ತಿದ್ದ ಕಡಾಯಿ ಇಟ್ಟುಬಿಟ್ಟಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರು ಪುಟ ತಿರುಗಿಸಿದರು, ನಗು ನಿಂತಿತು.

"ಇಳಿಜಾರಲ್ಲಿ ಬ್ರೇಕ್ ಸಡಿಲ ಬಿಡಬಹುದು ಅಂತ ಬರೆದಿದೀಯಲ್ಲ. ಹಾಗಾದ್ರೆ ಅವತ್ತು ಸೇತುವೆ ಹತ್ರ ನನ್ನನ್ನ ಅಷ್ಟು ಬೈದಿದ್ದು ಯಾರು?"

ನೋಟ್‌ಬುಕ್ಕು ತೆಗೆದು ನೋಡಿದೆ. ನಾನು ಬರೆದದ್ದು 'ಬಿಡಬಾರದು'. ಸಾಲು ಮುಗಿದು 'ಬಿಡಬಾ' ಮೇಲೆ, 'ರದು' ಕೆಳಗೆ. ಆ ಎರಡು ತುಂಡನ್ನು ಕೂಡಿಸುವಾಗ ಸಾಫ್ಟ್‌ವೇರು ತನ್ನ ಜಾಣತನ ತೋರಿಸಿ 'ಬಿಡಬಹುದು' ಮಾಡಿತ್ತು. ನಲವತ್ತು ಕೇಂದ್ರ. ಎಲ್ಲೋ ಯಾರೋ ನಮ್ಮ ಮಾತು ನಂಬಿ ಇಳಿಜಾರಿಗೆ ಗಾಡಿ ಬಿಡುತ್ತಾರೆ, ತಡೆಯಲು ಊರುವುದಕ್ಕೆ ಅವರಿಗೆ ಕಾಲೂ ಇಲ್ಲ. ಸ್ಟೂಲಿನ ಮೇಲೆ ಕೂತವಳು ತುಂಬ ಹೊತ್ತು ಏಳಲೇ ಇಲ್ಲ. ಗಡಿಯಾರದವರೇ ಕೊಡದಿಂದ ನೀರು ಬಗ್ಗಿಸಿ ಕೊಟ್ಟರು.

ಪುಟಗಳನ್ನೆಲ್ಲ ಬಾಚಿಕೊಂಡು ಲೈಬ್ರರಿಗೆ ಹೋದೆ. ಕನ್ನಡಕದಮ್ಮ ನಗಲಿಲ್ಲ. "ನಿಮಗೆ ಬುದ್ಧಿ ಹೇಳೋ ಸಾಫ್ಟ್‌ವೇರ್ ಬೇಡ, ಹೇಳಿದಷ್ಟೇ ಮಾಡೋದು ಬೇಕು" ಎಂದು ಒಂದು ಬೋಳು ಸಾಫ್ಟ್‌ವೇರ್ ತೋರಿಸಿದರು. ಬಣ್ಣವಿಲ್ಲ, ಚಿತ್ರವಿಲ್ಲ, ಬರೀ ಅಕ್ಷರ. ಹಳೆಯ ಸಾಲು ಎಡಕ್ಕೆ, ತಿದ್ದಿದ ಸಾಲು ಬಲಕ್ಕೆ, ಬದಲಾದ ಅಕ್ಷರ ಕೆಂಪಗೆ. ನಾನು ಹೂಂ ಎಂದು ಒತ್ತುವವರೆಗೆ ಏನನ್ನೂ ಮುಟ್ಟುವುದಿಲ್ಲ. ಎಲ್ಲ ಠಗಳನ್ನೂ ಒಂದೇ ಸಲ ಹುಡುಕಿ ಎದುರಿಗೆ ನಿಲ್ಲಿಸುತ್ತದೆ, ಆದರೆ 'ಕಂಠ'ದಂಥ ಮಾತಿನ ನಿಜವಾದ ಠವನ್ನು ಬಿಟ್ಟು ಕಲೆಯನ್ನು ಮಾತ್ರ ಅಳಿಸುವುದು ನನ್ನ ಕೆಲಸ. ನೆಟ್ ಬೇಕಿಲ್ಲ, ಯಾವ ಹಳೆ ಕಂಪ್ಯೂಟರಿನಲ್ಲೂ ತೆರೆಯುತ್ತದಂತೆ. ಅದನ್ನೇ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದು ನಮ್ಮ ಹಳೆ ಕಂಪ್ಯೂಟರಿಗೆ ಇಳಿಸಿದೆ.

ಒಂಬತ್ತು ದಿನ ಬೆಳಗಿನ ಹೊತ್ತು ಅದೇ ಕೆಲಸ. ಗಡಿಯಾರದವರು ಅಂಗಡಿ ತೆರೆಯುವ ಮುಂಚೆ ಬಂದು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಟ್‌ಬುಕ್ಕು ಓದುವುದು, ನಾನು ತೆರೆ ನೋಡುತ್ತ ತಿದ್ದುವುದು. ಠಗಳನ್ನು ಬಿಟ್ಟು, ಅರ್ಥ ಕೆಡಿಸುವ ತಪ್ಪೇ ನಾನೂರ ಹದಿನೇಳು ಸಿಕ್ಕಿತು. ಈಗ ಗಾಡಿಗೊಂದು ಫೋಲ್ಡರ್: ಯಾರಿಗೆ ಮಾಡಿದ್ದು, ಅಳತೆ ಎಷ್ಟು, ಏನು ಕೆಟ್ಟಿತು, ಹೇಗೆ ಸರಿಮಾಡಿದೆವು. ಇಪ್ಪತ್ತನೆಯದು ತಿರುವಿನಲ್ಲಿ ಮಗುಚಿದ್ದನ್ನೂ ಬರೆದಿದ್ದೇನೆ. ಮೊದಲು ಮುಚ್ಚಿಡೋಣ ಅನ್ನಿಸಿತ್ತು. ಆದರೆ ನಾವು ಬಿದ್ದ ಗುಂಡಿಗೆ ಅವರೂ ಯಾಕೆ ಬೀಳಬೇಕು? ಅರವತ್ತನಾಲ್ಕನೆಯದರ ಚೌಕಟ್ಟು ಮುಗಿದಿದೆ. ಈಗ ಅಂದಂದಿನ ಕೆಲಸವನ್ನು ಅಂದೇ, ಕೈ ತೊಳೆದುಕೊಂಡು, ಬರೆದಿಡುತ್ತೇನೆ. ಹೀಗೆ ದಿನ ಮುಗಿಸುವುದು ಒಂಥರಾ ಸುಖ ಅಕ್ಕಾ. ಮೊದಲು ಗೊತ್ತಿರಲಿಲ್ಲ.

ಡಬ್ಬಿ ಬಿಟ್ಟೆನೆಂದು ಅಳಿಯ ಬೇಸರಪಡದ ಹಾಗೆ ಹೇಳು. ಪುಟಾಣಿಯ ಅಂಗಾಲಿಗೆ ಚಿಕ್ಕಜ್ಜಿಯದೊಂದು ಮುತ್ತು, ಮಗಳ ತಲೆ ಸವರು. ಎಲ್ಲರೂ ತಣ್ಣಗಿರಿ.

ನಿನ್ನ ತಂಗಿ,
ಕಿಡಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ತಿದ್ದಿದ್ದನ್ನು ಓದಿ ಡಾಕ್ಟರಮ್ಮ ಒಂದೇ ಪ್ರಶ್ನೆ ಕೇಳಿದರು: "ಸೀಟಿನ ವಿಷಯ ಎಲ್ಲಿ? ಕೂತು ಕೂತು ಹುಣ್ಣಾಗೋದೇ ನಮ್ಮವರ ದೊಡ್ಡ ಕಾಟ, ನಿಮ್ಮ ಗಾಡಿಯವರಿಗೆ ಅದು ಆಗೋದೇ ಇಲ್ವಲ್ಲ." 'ಸೀಟು' ಎಂದು ಹುಡುಕಿಸಿದೆ. ಅರವತ್ತಮೂರು ಕಡೆ ಸಿಕ್ಕಿತು. ಅರವತ್ತಮೂರು ಕಡೆಯೂ ಎರಡೇ ಮಾತು: "ಸೀಟು, ಅಕ್ಕ." ಇಪ್ಪತ್ತನಾಲ್ಕು ವರ್ಷ ನಿನ್ನ ಪಕ್ಕ ನಿಂತು ನಾನು ಅಷ್ಟೇ ಬರೆದದ್ದು. ಕೇಳಿದರೆ ನೀನು "ನಂದೇನೇ, ಬರೀ ಹೊಲಿಗೆ" ಅನ್ನುತ್ತಿದ್ದೆ, ನಾನೂ ಹೌದೆಂದುಕೊಂಡೆ. ತಪ್ಪಾಯಿತು. ಅದಿಲ್ಲದೆ ಪುಸ್ತಕ ಕೊಡುವುದಿಲ್ಲ ಅಂದಿದ್ದೇನೆ. ತಿಂಗಳ ಕೊನೆಯವರೆಗೆ ಕಾಯುತ್ತಾರೆ. ಸೀಟು ಹೇಗೆ ಹೊಲಿಯುತ್ತೀಯ ಎಂದು ಮಗು ಮಲಗಿದಾಗ ಬರೆ. ನೀನು ಮೊದಲು ಕೈಗೆತ್ತಿಕೊಳ್ಳುವುದು ಯಾವ ಬಟ್ಟೆ, ಅಲ್ಲಿಂದ ಶುರು ಮಾಡು.