ಬಾವನ ಹೆಸರಿನ ರಿಪೋರ್ಟು

ಝಾನ್ಸಿ
11-8-2024

ಅಕ್ಕನಿಗೆ ಸುಧಾಕರನ ನಮಸ್ಕಾರಗಳು.

ನಾನು ಇಲ್ಲಿ ಚೆನ್ನಾಗಿದ್ದೇನೆ. ನೀವೆಲ್ಲ ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ. ಬಾವನ ಕಾಲಿನ ಬೆರಳು ತೆಗೆದು ಇಪ್ಪತ್ತು ದಿನವಾಯಿತು, ನಾನು ಎರಡೇ ಸಲ ಫೋನು ಮಾಡಿದೆ. ಮೂರು ಸಲ ಕಾಗದ ಬರೆದು ಹರಿದೆ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಹೇಳಬೇಕಾದ್ದನ್ನು ನುಂಗಿಬಿಡುತ್ತೇನೆ. ಅದಕ್ಕೇ ಈ ಕಾಗದ, ತಡವಾದದ್ದಕ್ಕೆ ಕ್ಷಮಿಸು.

ಮೊದಲು ಸುದ್ದಿ. ಹನ್ನೊಂದು ಕೆಜಿ ಇಳಿದಿದ್ದೇನೆ. ನಾಯಬ್ ಸುಬೇದಾರ್ ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಬಂದಿದೆ. ಜವಾನರು ಲಡ್ಡು ಹಂಚಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ನನ್ನ ಪಾಲಿನದನ್ನು ಬಾಯಿಗಿಡಲಾಗಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಕೆಜಿಎಫ್ ಮೈದಾನದಲ್ಲಿ ಸೈನ್ಯಕ್ಕೆ ಆಳು ಆರಿಸಿದಾಗ ನಾನು ಎರಡು ಕೆಜಿ ಕಡಿಮೆಯಿದ್ದೆ. ನೀನು ಒಂದು ಡಜನ್ ಬಾಳೆಹಣ್ಣು ತಿನ್ನಿಸಿ, ಚೊಂಬುಗಟ್ಟಲೆ ನೀರು ಕುಡಿಸಿ, "ತಡ್ಕೊಳ್ಲಾ, ತಕ್ಕಡಿ ಅತ್ತೋಗಂಟ ಉಚ್ಚೆಗೆ ಓಗ್ಬ್ಯಾಡ" ಅಂದಿದ್ದೆ. ನಿನ್ನನ್ನು ದೂರುತ್ತಿಲ್ಲ ಅಕ್ಕ. ಆ ಅನ್ನ ಇವತ್ತಿಗೂ ತಿನ್ನುತ್ತಿದ್ದೇನೆ.

ಕಳೆದ ವರ್ಷ ಅದೇ ಮೈ ಹನ್ನೊಂದು ಕೆಜಿ ಹೆಚ್ಚಾಗಿತ್ತು. ನಮ್ಮ ಡಾಕ್ಟರ್ ಮೇಜರ್ ಸಾಹೇಬರು ಎಲ್ಲರೆದುರು ನನ್ನ ಹೊಟ್ಟೆಗೆ ಟೇಪು ಸುತ್ತಿದರು. ಈ ಹೊಟ್ಟೆಯ ಹಿಂದೆಯೇ ಶುಗರ್ ಬರುತ್ತದೆ, ಎತ್ತರಕ್ಕೆ ತಕ್ಕ ತೂಕವಿಲ್ಲದಿದ್ದರೆ ಬಡ್ತಿಯೂ ಇಲ್ಲ, ರಜೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ ರಿಪೋರ್ಟು ತಾ ಎಂದರು. ನಾನೇ ಓಡಿಸಿ ಪಳಗಿಸಿದ ಹುಡುಗರು ಬಾಯಿ ಮುಚ್ಚಿಕೊಂಡು ನಕ್ಕರು.

ಸಂಕ್ರಾಂತಿ ರಜೆಯಲ್ಲಿ ಬಾವನನ್ನೂ ಆಂಡರ್ಸನ್‌ಪೇಟೆಯ ಲ್ಯಾಬಿಗೆ ಕರೆದುಕೊಂಡು ಹೋಗಿದ್ದೆನಲ್ಲ? "ನನ್ ಮೈನಾಗೆ ಏನೈತೆ, ಬರೀ ಮೂಳೆ. ಸುಗರ್ ಬರೋದು ನಿನ್ನಂಗೆ ದಪ್ಪ ಇರೋರ್ಗೆ ಕಣ್ಲಾ" ಎಂದು ದಾರಿಯುದ್ದಕ್ಕೂ ಛೇಡಿಸಿದರು. ನಾನೂ ಹಾಗೇ ನಂಬಿದ್ದೆ. ಡೈರಿಯಲ್ಲಿ ನೀರು ಬೆರೆಸಿದ ಹಾಲನ್ನು ಯಾರ ಮುಖವನ್ನೂ ನೋಡದೆ ವಾಪಸು ಕಳಿಸುವ ಮನುಷ್ಯ, ಸೂಜಿ ಕಂಡು ಗೋಡೆ ಕಡೆ ತಿರುಗಿಕೊಂಡರು. ಅವರ ಹೆಸರಿನ ರಿಪೋರ್ಟಿನಲ್ಲಿ ಶುಗರ್ ಇಲ್ಲವೆಂದು ಬಂದಾಗ ನೀನು ಅದನ್ನು ದೇವರ ಗೂಡಿನಲ್ಲಿಟ್ಟು ಕೈಮುಗಿದೆ. ಬೇಸಿಗೆಯಲ್ಲಿ ಬಾವನ ಕಾಲಿಗೆ ಜಾಲಿಮುಳ್ಳು ಚುಚ್ಚಿ ಗಾಯ ಆರದಿದ್ದಾಗ ನೀನು ಊರಿನ ಡಾಕ್ಟರಿಗೆ ಅದನ್ನೇ ತೋರಿಸಿದೆ. ಅವರು ಅದನ್ನು ನಂಬಿ ಮುಲಾಮು ಕೊಟ್ಟರು. ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಮತ್ತೆ ರಕ್ತ ನೋಡುವ ಹೊತ್ತಿಗೆ ಬೆರಳು ಕಪ್ಪಾಗಿತ್ತು.

ಹೋದ ಭಾನುವಾರ ನೀನು ಅಂದೆ: "ನಾನೇ ಕಣೋ ಅವರ ಬೆರಳು ತಿಂದೋಳು. ಸುಗರ್ ಇಲ್ವಲ್ಲ ಅಂತ ದಿನಾ ಬೆಲ್ಲದ ಕಾಫಿ ಕೊಟ್ಟೆ, ಅಬ್ಬಕ್ಕೆ ಒಬ್ಬಟ್ಟು ಬಡಿಸ್ದೆ. ಈ ಕೈಗೆ ಬೆಂಕಿ ಆಕ." ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ. ತೂಕ ಇನ್ನೂ ಇಳಿಯುತ್ತಿದೆ, ಸಾಹೇಬರು ಶಭಾಷ್ ಅನ್ನುತ್ತಾರೆ.

ಬಾವ ಮಾತ್ರೆ ತಪ್ಪಿಸದಿರಲಿ, ಬರಿಗಾಲಲ್ಲಿ ಕೊಟ್ಟಿಗೆಗೆ ಇಳಿಯದಿರಲಿ. ನಿನ್ನ ಮಗಳು ಸಹನಳಿಗೆ ಮಾವನ ಆಶೀರ್ವಾದ. ಮುನೇಶ್ವರ ನಿಮ್ಮ ಮನೆಯನ್ನು ಕಾಯಲಿ.

ನಿನ್ನ ತಮ್ಮ,
ಸುಧಾಕರ್

ವಿ.ಸೂ: ಇದು ಮರೆತದ್ದಲ್ಲ, ಧೈರ್ಯ ಬರಲೆಂದು ಕೊನೆಗೆ ಇಟ್ಟುಕೊಂಡದ್ದು. ಲ್ಯಾಬಿನ ಹುಡುಗಿ ಹೆಸರು ಕೇಳಿದಾಗ ಬಾವ ಗೋಡೆ ನೋಡುತ್ತಿದ್ದರು. ಅವರ ರಕ್ತಕ್ಕೆ ನನ್ನ ಹೆಸರು, ನನ್ನ ರಕ್ತಕ್ಕೆ ಅವರ ಹೆಸರು ಬರೆಸಿದೆ. ತೆಳ್ಳಗಿನವರ ರಕ್ತ ಸರಿಯಿರುತ್ತದೆ, ಅದನ್ನೇ ಸಾಹೇಬರಿಗೆ ತೋರಿಸೋಣ ಅಂದುಕೊಂಡಿದ್ದೆ. ಗೂಡಿನಲ್ಲಿ ನೀನು ಕೈಮುಗಿದದ್ದು ನನ್ನ ರಿಪೋರ್ಟಿಗೆ. ನನ್ನ ಹೆಸರಿನದರಲ್ಲಿ ಇನ್ನೂರ ಎಂಬತ್ತು ಇತ್ತು, ಅದು ಬಾವನದು. ಓದಿದ ಕ್ಷಣವೇ ನನಗೆ ಗೊತ್ತಾಯಿತು. ಹೇಳಿದರೆ ನನ್ನ ಮೋಸ ಹೊರಬೀಳುತ್ತದೆಂದು ಬಸ್‌ಸ್ಟ್ಯಾಂಡಿನಲ್ಲೇ ಹರಿದುಹಾಕಿ, ಬಾವ ಕೊಡಿಸಿದ ಇಡ್ಲಿ ತಿಂದು ಬಂದೆ. ಸಾಹೇಬರಿಗೆ ರಿಪೋರ್ಟು ಕಳೆದುಹೋಯಿತೆಂದೆ, ತೂಕ ಇಳಿಯುತ್ತಿದ್ದುದನ್ನು ಕಂಡು ಅವರು ಮತ್ತೆ ಕೇಳಲಿಲ್ಲ.

ಇದನ್ನು ಬಾವನಿಗೆ ಓದಿ ಹೇಳು, ಒಂದಕ್ಷರವನ್ನೂ ಬಿಡಬೇಡ. ಆ ರಿಪೋರ್ಟನ್ನು ಗೂಡಿನಿಂದ ತೆಗೆದುಬಿಡು. ನಿನ್ನ ಕೈಗೆ ಬೆಂಕಿ ಬೇಡ ಅಕ್ಕ, ಆ ಕೈ ಏನೂ ಮಾಡಿಲ್ಲ.